ಮೂರು ಮಿನುಗು, ಆಮೇಲೆ ಕತ್ತಲು

ಬಸ್ಸಿನಲ್ಲಿ ಕೂತರೆ ನನಗೆ ವಾಂತಿ ಬರುತ್ತದೆ. ಎಷ್ಟೋ ಜನಕ್ಕೆ ಬರುತ್ತದೆ, ಅದೇನು ದೊಡ್ಡ ವಿಷಯವಲ್ಲ. ನನ್ನ ಚಿಂತೆ ಅದು ಬರುವ ಮೊದಲು "ಬಸ್ ನಿಲ್ಲಿಸಿ" ಎಂದು ಡ್ರೈವರಿಗೆ ಕೇಳಿಸುವ ಹಾಗೆ ಹೇಳಬೇಕಲ್ಲ, ಅದರದು. ಹದಿನಾಲ್ಕು ಜನ ತಿರುಗಿ ನೋಡುತ್ತಾರೆ. ಹೊರಡುವ ಹಿಂದಿನ ದಿನ ಬಚ್ಚಲುಮನೆಯ ಕನ್ನಡಿಯೆದುರು ನಿಂತು ಆ ಎರಡು ಪದಗಳನ್ನು ಅಭ್ಯಾಸ ಮಾಡಿದೆ. ಚಿಕ್ಕಮ್ಮ ಹೊರಗಿನಿಂದ ಬಾಗಿಲು ಬಡಿದು, ಒಳಗೆ ಯಾರ ಜೊತೆ ಮಾತಾಡುತ್ತಿದ್ದೀಯೆ ಎಂದು ಕೇಳಿದಳು. ನಲ್ಲಿಯ ಜೊತೆ ಅನ್ನಬಹುದಿತ್ತು. ಆ ಉತ್ತರ ಹೊಳೆದದ್ದು ಡೈರಿ ಬರೆಯಲು ಕೂತಾಗ. ನನ್ನ ಒಳ್ಳೆಯ ಉತ್ತರಗಳೆಲ್ಲ ಬರುವುದು ಪೆನ್ನು ಹಿಡಿದ ಮೇಲೇ. ಪದವಿ ಮುಗಿದು ವರ್ಷವಾಯಿತು, ಹೋದ ಎರಡು ಸಂದರ್ಶನಗಳೂ "ಸ್ವಲ್ಪ ಜೋರಾಗಿ ಹೇಳಮ್ಮ" ಎಂಬಲ್ಲಿಗೇ ಮುಗಿದವು.

ಈ ಚಿಂತೆಯ ಅಡಿಯಲ್ಲಿ ಇನ್ನೊಂದು ಚಿಂತೆ ಇತ್ತು. ಅದಕ್ಕೆ ಕನ್ನಡಿಯೆದುರಿನ ಅಭ್ಯಾಸ ಸಾಲುತ್ತಿರಲಿಲ್ಲ.

ನನ್ನ ತಾತ, ಅಂದರೆ ಅಮ್ಮನ ಅಪ್ಪ, ಇಪ್ಪತ್ತೆಂಟು ವರ್ಷ ಒಂದೇ ದೀಪಸ್ತಂಭದಲ್ಲಿ ದೀಪ ನೋಡಿಕೊಂಡವರು. ಅಮ್ಮನೂ ಚಿಕ್ಕಮ್ಮನೂ ಬೆಳೆದದ್ದು ಅದರ ಬುಡದಲ್ಲಿದ್ದ ಎರಡು ಕೋಣೆಯ ಮನೆಯಲ್ಲಿ. ನಿವೃತ್ತಿಯಾದ ಮೇಲೆ ತಾತನ ಕಣ್ಣಿನ ನರಗಳು ಸೋಲುತ್ತ ಬಂದು, ಈಗ ಬೆಳಕು ಯಾವುದು ಕತ್ತಲೆ ಯಾವುದು ಎಂಬುದೂ ಅವರಿಗೆ ತಿಳಿಯುವುದಿಲ್ಲ. ಪೇಪರು, ಔಷಧಿ ಚೀಟಿ, ಮದುವೆಯ ಕರೆಯೋಲೆ, ಎಲ್ಲವನ್ನೂ ಓದಿ ಹೇಳುವವಳು ನಾನು. ನಮ್ಮ ಹುಡುಗಿ ಮೆತ್ತಗೆ ಓದುತ್ತಾಳೆ, ಆದರೆ ಒಂದಕ್ಷರ ನುಂಗುವುದಿಲ್ಲ ಎಂದು ಮನೆಗೆ ಬಂದವರಿಗೆಲ್ಲ ಹೇಳಿಕೊಳ್ಳುತ್ತಾರೆ.

ಎರಡು ವರ್ಷದ ಹಿಂದೆ ಇಲಾಖೆಯಿಂದ ಒಂದು ಕಾಗದ ಬಂತು. ಹಡಗುಗಳಲ್ಲಿ ಈಗ ಬೇರೆ ಉಪಕರಣಗಳು ಇರುವುದರಿಂದ ಸದರಿ ದೀಪವನ್ನು ಶಾಶ್ವತವಾಗಿ ಆರಿಸಲಾಗಿದೆ, ಗೋಪುರವನ್ನು ಹಳೆಯ ಕಟ್ಟಡವೆಂದು ಉಳಿಸಿಕೊಳ್ಳಲಾಗುವುದು ಎಂದು ಬರೆದಿತ್ತು. ನನ್ನ ಭುಜದ ಮೇಲಿಂದ ಬಗ್ಗಿ ಓದಿದ ಚಿಕ್ಕಮ್ಮ ಬೇಡ ಎಂದು ತಲೆಯಾಡಿಸಿದಳು. ತಾತ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕಾಯುತ್ತಿದ್ದರು. ನಾನು ಎಂದಿನ ಅದೇ ದನಿಯಲ್ಲಿ ಓದಿದೆ: ನಿವೃತ್ತ ಸಿಬ್ಬಂದಿಯ ಸೇವೆಯನ್ನು ಇಲಾಖೆ ಕೃತಜ್ಞತೆಯಿಂದ ನೆನೆಯುತ್ತದೆ. ದೀಪವು ಎಂದಿನಂತೆ ಬೆಳಗುತ್ತಿದೆ.

ಎರಡನೆಯ ವಾಕ್ಯವನ್ನು ಸೇರಿಸು ಎಂದು ಯಾರೂ ಕೇಳಿರಲಿಲ್ಲ. ತಾತನಿಗೆ ಇಷ್ಟವಾದದ್ದು ಅದೇ. ತಿಂಗಳಿಗೊಮ್ಮೆಯಾದರೂ ಆ ಕಾಗದ ತೆಗೆಸಿ ಓದಿಸುತ್ತಿದ್ದರು. ಒಂದು ಸಲ "ನೆನೆಯುತ್ತದೆ" ಬದಲು "ಸ್ಮರಿಸುತ್ತದೆ" ಅಂದುಬಿಟ್ಟೆ, ಆ ಪದ ಹೋದ ಸಲ ಇರಲಿಲ್ಲವಲ್ಲ ಎಂದರು. ಆಮೇಲೆ ನನ್ನ ಸುಳ್ಳನ್ನು ಡೈರಿಯ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡು, ಕಾಗದ ಕೈಯಲ್ಲಿ ಹಿಡಿದು ಡೈರಿ ನೋಡಿ ಓದತೊಡಗಿದೆ.

ಹೀಗಿರುವಾಗ ಭೂಗೋಳ ಮೇಷ್ಟ್ರು ಮನೆಗೆ ಬಂದರು. ಶಾಲೆಯಿಂದ ನಿವೃತ್ತರಾದ ಮೇಲೆ ವರ್ಷಕ್ಕೊಮ್ಮೆ ಹತ್ತು ಹನ್ನೆರಡು ಆಸಕ್ತರನ್ನು ಒಂದು ಸಣ್ಣ ಬಸ್ಸಿನಲ್ಲಿ ಕೂರಿಸಿಕೊಂಡು ಹಳೆಯ ದೀಪಸ್ತಂಭಗಳನ್ನು ತೋರಿಸಿ ಬರುವುದು ಅವರ ಹವ್ಯಾಸ. ಈ ಸಲ ಮೂರು ದಿನ, ಐದು ದೀಪಸ್ತಂಭ. ಐದನೆಯದು ತಾತನದು. ತಾತ ಜೊತೆಗೆ ಬಂದರೆ ಪ್ರವಾಸಕ್ಕೆ ಕಳೆ ಬರುತ್ತದೆ ಎಂದರು. ಚಿಕ್ಕಮ್ಮ ಮಂಡಿನೋವು ಅಂದಳು, ದಾರಿಯಲ್ಲಿ ಒಳ್ಳೆಯ ಬಚ್ಚಲುಮನೆ ಸಿಗುವುದಿಲ್ಲ ಅಂದಳು, ಕಡಲ ಗಾಳಿ ಅಂದಳು. ಇಪ್ಪತ್ತೆಂಟು ವರ್ಷ ಕುಡಿದ ಗಾಳಿಗೆ ಈಗ ಹೆದರಬೇಕೇನೇ ಎಂದು ತಾತ ನಕ್ಕು, ಅವತ್ತೇ ಬ್ಯಾಗು ತುಂಬಿಸಿದರು. ಪ್ರವಾಸ ಇದ್ದದ್ದು ಮುಂದಿನ ತಿಂಗಳು.

ಅಮ್ಮನಿಗೆ ಅಂಚೆ ಕಚೇರಿಯಲ್ಲಿ ರಜೆ ಸಿಗಲಿಲ್ಲ. ಚಿಕ್ಕಮ್ಮನೂ ನಾನೂ ಹೊರಟೆವು.

ಬಸ್ಸು ಮೊದಲ ಸಲ ಡೀಸೆಲಿಗೆ ನಿಂತಾಗ, ಚಿಕ್ಕಮ್ಮ ಮೊದಲೇ ಹೇಳಿಟ್ಟಿದ್ದಂತೆ ಮೇಷ್ಟ್ರು ತಾತನ ತೋಳು ಹಿಡಿದು ಇಳಿಸಿಕೊಂಡು ಹೋದರು. ಆ ಐದು ನಿಮಿಷದಲ್ಲಿ ಚಿಕ್ಕಮ್ಮ ಸೀಟುಗಳ ನಡುವೆ ನಿಂತು, ಕೊನೆಯ ದೀಪ ಆರಿಹೋದದ್ದು ಅಪ್ಪನಿಗೆ ಗೊತ್ತಿಲ್ಲ, ದಯವಿಟ್ಟು ಯಾರೂ ಬಾಯಿಬಿಡಬೇಡಿ ಎಂದು ಕೈಮುಗಿದಳು. ಎಲ್ಲರೂ ಒಪ್ಪಿದರು. "ನೋಯಲ್ಲ ಅಂತ ದಿನಕ್ಕೆ ಇಪ್ಪತ್ತು ಸಲ ಹೇಳೋಳು ನಾನು, ಇದ್ಯಾವ ಮಹಾ" ಎಂದು ಪ್ರವಾಸಕ್ಕೆ ಬಂದಿದ್ದ ಹಲ್ಲಿನ ಡಾಕ್ಟರಮ್ಮ ಒಬ್ಬರು ಅಂದಾಗ ಬಸ್ಸೆಲ್ಲ ನಕ್ಕಿತು. ಬೆಳಿಗ್ಗೆ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದವರು, ಒಂದು ಗುಟ್ಟು ಸಿಕ್ಕಿದ್ದೇ ತಡ, ತಿಂಡಿಯ ಡಬ್ಬಿ ಬಿಚ್ಚಿ ಹಂಚಿಕೊಂಡರು. ನಾನು ಕಿಟಕಿಯ ಹೊರಗೆ ನೋಡಿದೆ. ಅವರು ಸುಮ್ಮನಿದ್ದರೆ ಸಾಕಿತ್ತು. ಓದಿ ಹೇಳಿದವಳು ನಾನು.

ಮೊದಲ ಎರಡು ದಿನ ತಾತ ನಮಗೆ ಯಾರಿಗೂ ಕಾಣದ್ದನ್ನು ಕಂಡರು. ಗೋಡೆಗೆ ಅಂಗೈ ಒತ್ತಿ, ಇದಕ್ಕೆ ಸಮುದ್ರದ ಕಡೆ ಮಾತ್ರ ಎರಡು ಪದರ ಗಾರೆ ಮಾಡಿದ್ದಾರೆ ಎನ್ನುವರು. ಮೆಟ್ಟಿಲ ಮೇಲೆ ಕೋಲು ತಟ್ಟಿ, ಇಲ್ಲಿದ್ದವನು ಎಡಗಾಲು ಎಳೆದು ನಡೆಯುತ್ತಿದ್ದ, ನೋಡಿ ಒಂದೇ ಕಡೆ ಸವೆದಿದೆ ಎನ್ನುವರು. ಬಸ್ಸಿನಲ್ಲಿ ಮೈಕು ಅವರ ಕೈಗೆ ಬಂದರೆ ಮೇಷ್ಟ್ರಿಗೆ ವಾಪಸು ಸಿಗುತ್ತಿರಲಿಲ್ಲ.

ದೀಪ ಹತ್ತಿ ಆರುತ್ತದೆ ಎಂದುಕೊಂಡಿದ್ದೀರಲ್ಲ, ಅದು ಸುಳ್ಳು, ಎಂದು ಶುರುಮಾಡಿದರು. ದೀಪ ಉರಿಯುತ್ತಲೇ ಇರುತ್ತದೆ, ಅದರ ಸುತ್ತ ಆಳೆತ್ತರದ ಮಸೂರ ತಿರುಗುತ್ತದೆ. ಮಸೂರದ ಕಣ್ಣು ನಿಮ್ಮ ಕಡೆ ಬಂದಾಗ ಮಿನುಗು, ದಾಟಿದಾಗ ಕತ್ತಲು. ಅದನ್ನು ತಿರುಗಿಸಲು ಗೋಡೆ ಗಡಿಯಾರದ ಹಾಗೆ ಒಂದು ತೂಕದ ಗುಂಡು, ಮೂರು ಗಂಟೆಗೊಮ್ಮೆ ಹಿಡಿಕೆ ತಿರುವಿ ಅದನ್ನು ಮೇಲೆಳೆಯಬೇಕು. ಬೆಳಗಾದ ಮೇಲೆ ಮಸೂರಕ್ಕೆ ಪರದೆ ಎಳೆಯಬೇಕು, ಇಲ್ಲದಿದ್ದರೆ ಬಿಸಿಲು ಅದರೊಳಗೆ ನುಗ್ಗಿ ಬೆಂಕಿ ಹತ್ತಿಸುತ್ತದೆ. ಆಮೇಲೆ ಹಿತ್ತಾಳೆ ಉಜ್ಜಬೇಕು, ಮುಖ ಕಾಣುವ ತನಕ.

ಒಂದೊಂದು ಸ್ತಂಭಕ್ಕೂ ಒಂದೊಂದು ಲೆಕ್ಕ. ತಾತನದು ಮೂರು ಮಿನುಗು, ಆಮೇಲೆ ಹನ್ನೊಂದು ಎಣಿಸುವಷ್ಟು ಕತ್ತಲು. ಅದರ ಉತ್ತರಕ್ಕಿರುವ, ನಮ್ಮ ಪ್ರವಾಸದ ನಾಲ್ಕನೆಯದಕ್ಕೆ ಎರಡೇ ಮಿನುಗು. ಹಡಗಿನವನು ಎಣಿಸಿ ನೋಡಿ ತಾನೆಲ್ಲಿದ್ದೇನೆ ಎಂದು ತಿಳಿಯುತ್ತಾನೆ. ನಮ್ಮ ಮನೆಯಲ್ಲಿ ಇವತ್ತಿಗೂ ಬಾಗಿಲು ತಟ್ಟುವುದು ಮೂರೇ ಸಲ. "ಮೂರಾದ್ಮೇಲೆ ನಾಲ್ಕು ಅಂತ ಒಂದಿದೆ ಅನ್ನೋದು ನಂಗೆ ಗೊತ್ತಾಗಿದ್ದೇ ಸ್ಕೂಲಿಗೆ ಸೇರಿದ್ಮೇಲೆ" ಎಂದು ಚಿಕ್ಕಮ್ಮ ಹೇಳಿದಳು. ಡ್ರೈವರು ಕೂಡ ನಕ್ಕ.

ಅವಳೂ ಹೇಳತೊಡಗಿದಳು. ಅಪ್ಪ ಹಗಲು ಮಲಗುತ್ತಿದ್ದರಿಂದ ಆ ಮನೆಯಲ್ಲಿ ಹಗಲೆಲ್ಲ ಪಿಸುಮಾತು. ಪಾತ್ರೆ ಇಡುವಾಗ ಕೆಳಗೆ ಬಟ್ಟೆ ಹಾಕುತ್ತಿದ್ದರು. ಅಕ್ಕ ತಂಗಿ ಬೆಳಗಿನಿಂದ ಮಧ್ಯಾಹ್ನದವರೆಗೆ ಜಡೆ ಹಿಡಿದು ಜಗಳವಾಡಿದರೂ ಒಂದು ಸದ್ದು ಹೊರಡುತ್ತಿರಲಿಲ್ಲ, ಅಳುವುದಕ್ಕೆ ಮಾತ್ರ ಬಂಡೆಯ ತನಕ ಓಡಿಹೋಗಿ ಅತ್ತು ಬರುತ್ತಿದ್ದರು. ಅಮ್ಮ ಈಗಲೂ ಹಾಗೇ ಮಾತಾಡುತ್ತಾಳೆ, ಅಂಚೆ ಕಚೇರಿಯ ಕೌಂಟರಿನಲ್ಲಿ ಜನ ಕಿವಿಯನ್ನೇ ಒಳಗೆ ತೂರಿಸುತ್ತಾರೆ. ಚಿಕ್ಕಮ್ಮ ಮಾತ್ರ ಅಲ್ಲಿ ನುಂಗಿದ್ದನ್ನೆಲ್ಲ ಇಲ್ಲಿ ಬಡ್ಡಿ ಸಮೇತ ಕಕ್ಕುತ್ತಿದ್ದಾಳೆ ಎಂದರು ತಾತ. ಡಾಕ್ಟರಮ್ಮ ನನ್ನ ಕಡೆ ತಿರುಗಿ, ಈ ಹುಡುಗಿ ಎರಡು ದಿನದಿಂದ ಬಾಯಿ ತೆರೆದಿಲ್ಲ, ಇವಳ ಹಲ್ಲು ಹೇಗಿದೆಯೋ ನೋಡಬೇಕಲ್ಲ ಎಂದರು. ತಾತ ಕೈ ಚಾಚಿ ನನ್ನ ತಲೆ ಹುಡುಕಿ ಮುಟ್ಟಿದರು. "ಇವಳು ಆ ಮನೇಲಿ ಹುಟ್ಟಿಲ್ಲ ಅಷ್ಟೇ, ಮಗು ಮಾತ್ರ ಆ ಮನೇದೇ."

ನಾನು ಆ ಮನೆಯನ್ನು ನೋಡಿಯೇ ಇರಲಿಲ್ಲ. ಆದರೂ ಎಲ್ಲಿಂದಲೋ ಅದು ನೆನಪಾಗತೊಡಗಿತು.

ಮೂರನೆಯ ದಿನ ಮಧ್ಯಾಹ್ನ ನಾಲ್ಕನೆಯ ದೀಪಸ್ತಂಭ ಮುಗಿಸಿ, ಸಂಜೆ ಐದಕ್ಕೆ ಕೊನೆಯದನ್ನು ತಲುಪಿದೆವು. ಬಿಳಿ ಬಣ್ಣ ಪೊರೆಪೊರೆಯಾಗಿ ಎದ್ದ ಗೋಪುರ, ಬುಡದಲ್ಲಿ ತಗ್ಗು ಮಾಡಿನ ಮನೆ. ಕಾವಲುಗಾರ ಬೀಗ ತೆಗೆದುಕೊಟ್ಟ. ಒಳಗೆ ಎರಡು ಕೋಣೆ, ಗೋಡೆಯಲ್ಲಿ ಸಾಲು ಮೊಳೆ, ಒಲೆಯ ಮೇಲಿನ ಮಸಿ. ಮಲಗುವ ಕೋಣೆಯ ಗಾಜಿಗೆ ಹಗಲು ಬೆಳಕು ಬರಬಾರದೆಂದು ಬಳಿದಿದ್ದ ಕಪ್ಪು ಬಣ್ಣ ಮೂಲೆಗಳಲ್ಲಿ ಇನ್ನೂ ಉಳಿದಿತ್ತು. ಚಿಕ್ಕಮ್ಮ ಅದನ್ನು ಉಗುರಿನಿಂದ ಕೆರೆದು, ಇಲ್ಲೊಂದು ತೂತು ಮಾಡಿಟ್ಟುಕೊಂಡಿದ್ದೆವು ಕಣೇ, ಅಪ್ಪ ಎದ್ದರೋ ಇಲ್ಲವೋ ನೋಡೋಕೆ ಎಂದಳು. ಅವಳು ಪಿಸುಗುಟ್ಟುತ್ತಿದ್ದಳು. ಮೂರು ದಿನದಲ್ಲಿ ಮೊದಲ ಸಲ. ಅದು ಅವಳಿಗೇ ಗೊತ್ತಿರಲಿಲ್ಲ.

ತಾತನ ಮಂಡಿಗೆ ನೂರಾ ನಲವತ್ತು ಮೆಟ್ಟಿಲು ಆಗುವ ಮಾತಲ್ಲ. ಅವರನ್ನು ಗೋಪುರದ ಬಾಗಿಲ ಪಕ್ಕದ ಕಲ್ಲುಕಟ್ಟೆಯ ಮೇಲೆ ಕೂರಿಸಿ ನಾವೆಲ್ಲ ಹತ್ತಿದೆವು. ಮೇಲೆ ಮಸೂರಕ್ಕೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿದಿದ್ದರು. ಹಿತ್ತಾಳೆ ಹಸಿರುಗಟ್ಟಿತ್ತು. ಬೆರಳಿಂದ ಒಂದು ಕಡೆ ಉಜ್ಜಿದೆ, ಬೆರಳೂ ಹಸಿರಾಯಿತು. ಕೆಳಗೆ ಬಂದಾಗ ತಾತ ಕೇಳಿದ್ದು ಅದನ್ನೇ, ಹಿತ್ತಾಳೆಯಲ್ಲಿ ಮುಖ ಕಾಣುತ್ತಾ ಪುಟ್ಟಿ ಎಂದು. ಕಾಣುತ್ತೆ ತಾತ ಎಂದೆ. ಒಳ್ಳೆಯ ಹುಡುಗರು ಬಂದಿದ್ದಾರೆ ಹಾಗಾದರೆ ಎಂದು ಅವರು ತೃಪ್ತಿಯಿಂದ ತಲೆದೂಗಿದರು. ನಾನು ಬೆರಳನ್ನು ಸೆರಗಿಗೆ ಒರೆಸಿಕೊಂಡೆ.

ಸೂರ್ಯ ಮುಳುಗಿದ. ಕೆನ್ನೆಗೆ ತಾಗುವ ಗಾಳಿ ತಣ್ಣಗಾದದ್ದರಿಂದಲೇ ತಾತನಿಗೆ ಅದು ತಿಳಿಯಿತು. ದೀಪ ಹತ್ತಿರಬೇಕು ಈಗ, ಎಲ್ಲ ಸ್ವಿಚ್ಚಿನ ಕೆಲಸವಂತಲ್ಲ ಎಂದು ಮುಖವನ್ನು ಮೇಲಕ್ಕೆತ್ತಿದರು. ಎಲ್ಲರೂ ಸುತ್ತ ನಿಂತಿದ್ದೆವು. ಚಿಕ್ಕಮ್ಮ, ಹತ್ತಿತು ಅಪ್ಪ, ಏನು ಚೆಂದ ಎಂದಳು. ತಾತ ನಕ್ಕರು. ಅಷ್ಟಕ್ಕೇ ಬಿಟ್ಟಿದ್ದರೆ ಬಸ್ಸು ಹತ್ತಿ ಮನೆಗೆ ಹೋಗಿಬಿಡುತ್ತಿದ್ದೆವು. ಆದರೆ ಮೇಷ್ಟ್ರಿಗೆ ತಾತನ ಸಂತೋಷ ಇನ್ನಷ್ಟು ಹೆಚ್ಚಾಗಲಿ ಅನ್ನಿಸಿತು. ಅವರು ಟಿಪ್ಪಣಿ ಪುಸ್ತಕ ಬಿಡಿಸಿ, ಮಧ್ಯಾಹ್ನ ನೋಡಿದ ಸ್ತಂಭದ ಪುಟವನ್ನೇ ಈ ಸ್ತಂಭದ್ದು ಅಂದುಕೊಂಡು, ಕತ್ತಲೆ ಗೋಪುರವನ್ನು ನೋಡುತ್ತ ಸಂಭ್ರಮದಿಂದ ಎಣಿಸಿದರು: "ಒಂದು... ಎರಡು... ಈಗ ಕತ್ತಲು. ಒಂದು... ಎರಡು... ಕತ್ತಲು."

ತಾತನ ನಗು ನಿಂತಿತು.

"ಎರಡಾ?"

ಎರಡೇ ಸಾರ್, ಸ್ಪಷ್ಟವಾಗಿ ಕಾಣುತ್ತಿದೆ ಎಂದರು ಡಾಕ್ಟರಮ್ಮ. ಹೌದು ಹೌದು ಎಂದು ಹಿಂದಿನಿಂದ ಇನ್ನೂ ನಾಲ್ಕು ದನಿ ಕೂಡಿದವು. ಎಲ್ಲರದೂ ಒಳ್ಳೆಯ ಮನಸ್ಸೇ.

ತಾತ ಕೋಲೂರಿ ಎದ್ದು ನಿಂತರು. "ಎರಡು ಉತ್ತರದ ಲೈಟ್‌ಹೌಸಿಂದು. ಇಲ್ಲಿ ಎರಡು ಕಂಡ್ರೆ ಹಡಗಿನೋನು ಅದೇ ಅನ್ಕೊಂಡು ತಿರುಗಿಸ್ತಾನೆ. ತಿರುಗಿಸಿದ್ರೆ ನೇರ ಬಂಡೆ ಸಾಲು. ಮಸೂರದ ಒಂದು ಕಣ್ಣಿಗೆ ಏನೋ ಅಡ್ಡ ಬಂದಿದೆ. ಬನ್ನಿ, ಮೇಲೆ ಹೋಗೋಣ."

ಚಿಕ್ಕಮ್ಮ ತೋಳು ಹಿಡಿದಳು. "ಅಪ್ಪ, ಮೂರೇ ಇದೆ. ಮೇಷ್ಟ್ರಿಗೆ ಎಣಿಸೋಕೆ ಬರಲ್ಲ, ಕೂತ್ಕೊಳ್ಳಿ."

"ಅಷ್ಟು ಜನ ಎರಡು ಅಂದ್ರಲ್ಲೇ."

ಮೇಷ್ಟ್ರು ಪುಟ ತಿರುವಿ ತಪ್ಪು ಗೊತ್ತಾಗಿ, ಕ್ಷಮಿಸಿ, ಮೂರು, ಮೂರು ಎಂದು ತೊದಲಿದರು. ಅದರಿಂದ ವಿಷಯ ಇನ್ನೂ ಕೆಟ್ಟಿತು. ಒಂದು ಸಲ ಎರಡು, ಒಂದು ಸಲ ಮೂರು ಮಿನುಗುವ ದೀಪ ಎಂದರೆ ಯಂತ್ರವೇ ಕೆಟ್ಟಿದೆ ಎಂದರ್ಥ. ತಾತ ಕೈ ಕೊಡವಿಕೊಂಡು ಬಾಗಿಲ ಚೌಕಟ್ಟು ಹಿಡಿದರು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು, ಎರಡನೆಯದರ ಮೇಲೂ. ಉಸಿರು ಆಗಲೇ ಸಿಳ್ಳೆ ಹಾಕುತ್ತಿತ್ತು. ತಡೆಯಲು ಹೋದವರನ್ನು ಕೋಲಿನಿಂದ ಸರಿಸಿದರು.

"ದೀಪ ಆರಿದ್ರೆ ಚಿಂತೆಯಿಲ್ಲ ಕಣ್ರಪ್ಪ, ಕಾಣಲ್ಲ ಅಂತ ಗೊತ್ತಾಗಿ ಹಡಗಿನೋನು ಹುಷಾರಾಗಿರ್ತಾನೆ. ತಪ್ಪು ಮಿನುಗನ್ನ ಅವನು ನಂಬಿಬಿಡ್ತಾನೆ." ಆಮೇಲೆ ಮುಖವನ್ನು ನನ್ನ ಕಡೆಗಲ್ಲ, ನಾನು ಇರಬಹುದಾದ ಕಡೆಗೆ ತಿರುಗಿಸಿದರು. "ಪುಟ್ಟಿ ಎಲ್ಲಿ? ನೀನು ನೋಡಿ ಹೇಳು. ನೀನು ಎಷ್ಟು ಅಂದ್ರೆ ಅಷ್ಟು."

ಎಲ್ಲರೂ ನನ್ನನ್ನು ನೋಡಿದರು. ಚಿಕ್ಕಮ್ಮ ಮೂರು ಬೆರಳು ಎತ್ತಿ ತೋರಿಸಿದಳು. ಎಷ್ಟು ಸುಲಭವಿತ್ತು. ಒಂದು, ಎರಡು, ಮೂರು, ಆಮೇಲೆ ಹನ್ನೊಂದರ ತನಕ ಸುಮ್ಮನಿದ್ದರೆ ತಾತ ಮೆಟ್ಟಿಲಿಳಿದು ಬರುತ್ತಾರೆ, ನಗುತ್ತಾರೆ, ದಾರಿಯುದ್ದಕ್ಕೂ ಮೈಕು ಹಿಡಿಯುತ್ತಾರೆ. ಮುಂದಿನ ತಿಂಗಳು ಮತ್ತೆ ಕಾಗದ ತೆಗೆಸುತ್ತಾರೆ. ನಾನು ಮೇಲೆ ನೋಡಿದೆ. ಆಕಾಶದಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು, ಗೋಪುರದ ತಲೆ ಮಾತ್ರ ಅದಕ್ಕಿಂತ ಕಪ್ಪಗಿತ್ತು.

ಮೆಟ್ಟಿಲ ಹತ್ತಿರ ಹೋಗಿ ತಾತನ ಕೈ ಹಿಡಿದುಕೊಂಡೆ. ದನಿ ಹೊರಟಾಗ ಅದು ಗೋಪುರದ ಒಳಗೆಲ್ಲ ಮೊಳಗಿತು, ಕೊನೆಯಲ್ಲಿ ನಿಂತಿದ್ದ ಡ್ರೈವರಿಗೂ ಕೇಳಿಸುವಷ್ಟು.

"ದೀಪ ಉರೀತಾ ಇಲ್ಲ ತಾತ. ಎರಡು ವರ್ಷ ಆಯ್ತು. ಕಾಗದದಲ್ಲಿ ಅದನ್ನೇ ಬರೆದಿದ್ರು, ನಾನು ಸುಳ್ಳು ಓದಿದೆ."