ಬೋರ್ಡಿನ ಹಿಂಬದಿ

ಬಸ್ ಡಿಪೋದಲ್ಲಿ ವರ್ಷಕ್ಕೊಮ್ಮೆ ಚಾಲಕರ ಕಣ್ಣಿನ ಪರೀಕ್ಷೆ ನಡೆಯುತ್ತಿತ್ತು. ಪರೀಕ್ಷೆ ಅನ್ನುವುದು ಹೆಸರಿಗೆ ಮಾತ್ರ. ಕೋಣೆಗೆ ಬಾಗಿಲಿನ ಬದಲು ಒಂದು ಪರದೆ. ಒಳಗಿದ್ದವನು ಗೋಡೆಯ ಬೋರ್ಡನ್ನು ಗಟ್ಟಿಯಾಗಿ ಓದಿದರೆ ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಪುಕ್ಕಟೆ ಪಾಠ. ಹನ್ನೆರಡು ವರ್ಷದಿಂದ ಅದೇ ಬೋರ್ಡು, ಅದೇ ಅಂಕಿಗಳು. ಬಸ್ಸು ತೊಳೆಯುವಾಗ ಕೆಲವರು ಅದನ್ನು ಹಾಡಿನಂತೆ ಗುನುಗುತ್ತಿದ್ದರು. ಪರೀಕ್ಷೆ ಮಾಡುವವನಿಗೆ ಎಲ್ಲರೂ ಇಟ್ಟ ಹೆಸರು ಕನ್ನಡಕದವನು. ಅವನಿಗೂ ಇದೆಲ್ಲ ಗೊತ್ತಿತ್ತು. ನಿಜ ಹೇಳಬೇಕೆಂದರೆ, ಕಣ್ಣು ಮುಚ್ಚಿಕೊಂಡು ಕೂರುವುದರಲ್ಲಿ ಆ ಡಿಪೋದಲ್ಲಿ ಅವನನ್ನು ಮೀರಿಸುವವರೇ ಇರಲಿಲ್ಲ.

ಈ ಸಲ ಮಾತ್ರ ಅವನು ಯಾರಿಗೂ ಹೇಳದೆ ಬೋರ್ಡನ್ನು ತಿರುಗಿಸಿ ನೇತುಹಾಕಿದ. ಹಿಂಬದಿಯಲ್ಲಿ ಬೇರೆ ಅಂಕಿಗಳಿದ್ದವು. ಕಾರಣ ಅವನ ಭಾವ. ಹಿಂದಿನ ಭಾನುವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಭಾವ ಲೋಟದ ಪಕ್ಕದಲ್ಲಿ ನೀರು ಸುರಿದಿದ್ದರು. ಅಕ್ಕ ಏನೂ ಆಗಿಲ್ಲವೆಂಬಂತೆ ಒರೆಸಿದಳು. ಒರೆಸುವ ಬಟ್ಟೆ ಅವಳ ಹೆಗಲ ಮೇಲೆ ಮೊದಲೇ ಸಿದ್ಧವಾಗಿತ್ತು. ಅದನ್ನು ನೋಡಿ ಅವನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಭಾವ ಓಡಿಸುತ್ತಿದ್ದುದು ಶಾಲಾ ಮಕ್ಕಳ ಬಸ್ಸು.

ಆ ದಿನ ಮೊದಲ ಸರದಿ ಭಾವನದೇ ಆಗಿತ್ತು. ಅವರು ಒಳಗೆ ಬಂದು ಬೆನ್ನು ನೆಟ್ಟಗೆ ಮಾಡಿ ನಿಂತು ಓದಿದರು. ಕೊನೆಯ ಸಾಲಿನಲ್ಲಿ ಪ್ರತಿ ವರ್ಷದಂತೆ ಕಣ್ಣು ಕಿರಿದು ಮಾಡಿ, ಸ್ವಲ್ಪ ತಡವರಿಸಿದಂತೆ ನಟಿಸಿ, ಅದನ್ನೂ ಮುಗಿಸಿದರು. ಒಂದೂ ತಪ್ಪಿರಲಿಲ್ಲ. ಆದರೆ ಓದಿದ್ದು ಪೂರ್ತಿ ಹಳೆಯ ಅಂಕಿಗಳು.

ಕನ್ನಡಕದವನಿಗೆ ಅಳು ಬಂತು. ಅಪ್ಪ ಸತ್ತ ಮೇಲೆ ಅವನನ್ನು ಮನೆಯಲ್ಲಿಟ್ಟುಕೊಂಡು ಓದಿಸಿ, ಈ ಕುರ್ಚಿಯವರೆಗೆ ತಂದವರು ಇವರೇ.

"ಭಾವ, ಬೋರ್ಡು ತಿರುಗಿಸಿದೀನಿ," ಎಂದ ಮೆಲ್ಲಗೆ.

ಭಾವ ಪರದೆಯ ಕಡೆ ಒಮ್ಮೆ ತಿರುಗಿ ದನಿ ತಗ್ಗಿಸಿದರು. "ನನಗೋಸ್ಕರಾನೇ ತಿರುಗಿಸಿದ್ಯಾ?"

"ಎಷ್ಟು ಕಾಣುತ್ತೆ, ನಿಜ ಹೇಳಿ."

"ರಸ್ತೆ ನಂಗೆ ಬಾಯಿಪಾಠ ಕಣೋ. ಎಲ್ಲಿ ಗುಂಡಿ, ಎಲ್ಲಿ ತಿರುವು, ಎಲ್ಲಾ ಗೊತ್ತು."

"ರಸ್ತೆ ಬಾಯಿಪಾಠ ಇರಬಹುದು. ಅಡ್ಡ ಬರೋರೂ ಬಾಯಿಪಾಠ ಆಗಿರ್ತಾರಾ?"

ಭಾವ ಟೇಬಲ್ಲಿನ ಅಂಚನ್ನು ತಡವಿ ಹಿಡಿದುಕೊಂಡರು. "ರಿಟೈರಾಗೋಕೆ ಇನ್ನು ಎಂಟೇ ತಿಂಗಳು. ಆಮೇಲೆ ನಾನೇ ಸ್ಟೇರಿಂಗ್ ಮುಟ್ಟಲ್ಲ. ಈಗ ನೀನು ಆಗಲ್ಲ ಅಂತ ಬರೆದ್ರೆ ಈ ತಿಂಗಳೇ ಕ್ವಾರ್ಟರ್ಸ್ ಖಾಲಿ ಮಾಡಿಸ್ತಾರೆ. ನಿಮ್ಮಕ್ಕನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ, ನೀನೇ ಹೇಳು."

ಅವನ ಮುಂದೆ ಎರಡು ಮೊಹರುಗಳಿದ್ದವು. 'ಯೋಗ್ಯ' ಎಂಬುದರ ಹಿಡಿ ಸವೆದು ನುಣುಪಾಗಿತ್ತು, ಇನ್ನೊಂದರದ್ದು ಅಂಗಡಿಯಿಂದ ತಂದ ದಿನ ಇದ್ದಂತೆಯೇ ಇತ್ತು. ಕೈ ಅಭ್ಯಾಸವಾದ ಕಡೆಗೇ ಹೋಯಿತು. ಮೊಹರು ಒತ್ತಿದವನೇ ಎದ್ದು ಬೋರ್ಡನ್ನು ಮೊದಲಿನಂತೆ ತಿರುಗಿಸಿ, "ಮುಂದಿನವರು ಬನ್ನಿ" ಎಂದ.

ಮರುದಿನ ಬೆಳಿಗ್ಗೆ ಮಗಳ ಕೈ ಹಿಡಿದು ಬಸ್ ನಿಲ್ದಾಣಕ್ಕೆ ಹೊರಟವನು ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡ. ಎಂಟು ತಿಂಗಳು ಎಷ್ಟರ ಮಾತು, ಕಣ್ಣುಮುಚ್ಚಿ ಬಿಡುವುದರೊಳಗೆ ಕಳೆದುಹೋಗುತ್ತದೆ. ಭಾವನ ಶಾಲಾ ಬಸ್ಸು ಬಂತು. ಮುಂದಿನ ಚಕ್ರ ಫುಟ್‌ಪಾತಿನ ಅಂಚು ಹತ್ತಿ ಇಳಿದು ನಿಂತಿತು.

"ಕೈ ಬಿಡಪ್ಪಾ, ಬಸ್ಸು ಬಂತು," ಎಂದಳು ಮಗಳು.

ಅವನು ಕೈ ಬಿಡಲಿಲ್ಲ. "ಇವತ್ತು ನಡ್ಕೊಂಡು ಹೋಗೋಣ."

ಪಕ್ಕದ ಮನೆಯಾಕೆ ತನ್ನ ಇಬ್ಬರು ಗಂಡುಮಕ್ಕಳೊಂದಿಗೆ ಅಲ್ಲೇ ಇದ್ದಳು. "ಯಾಕೆ, ಕಳಿಸಲ್ವಾ?"

"ಸ್ವಲ್ಪ ಜ್ವರ."

ಆಕೆ ಹುಡುಗಿಯ ಹಣೆ ಮುಟ್ಟಿ ನೋಡಿದಳು. "ತಣ್ಣಗಿದೆಯಲ್ಲ."

"ರಾತ್ರಿ ಇತ್ತು."

ಆಕೆ ತನ್ನಿಬ್ಬರು ಮಕ್ಕಳ ಕಾಲರು ಸರಿಪಡಿಸಿ, ಒಬ್ಬೊಬ್ಬರನ್ನೇ ಬಸ್ಸಿಗೆ ಹತ್ತಿಸಿದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಬಾಯಿ ತೆರೆದ, ಅಕ್ಕನ ಹೆಗಲ ಮೇಲಿನ ಬಟ್ಟೆ ನೆನಪಾಯಿತು, ಬಾಯಿ ಮುಚ್ಚಿದ.

ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವರಿಬ್ಬರ ಕಡೆಗೇ ನೋಡಿದರು. ನಡುವೆ ಇದ್ದದ್ದು ನಾಲ್ಕು ಹೆಜ್ಜೆ.

"ನಮ್ಮ ಪುಟ್ಟ ಸೊಸೆ ಹತ್ತಿದ್ಲಾ?" ಎಂದು ಒಳಗೆ ಕೇಳಿದರು.

"ಎಲ್ಲಾರೂ ಹತ್ತಾಯ್ತು," ಎಂದು ಯಾವುದೋ ಮಗು ಕೂಗಿತು. ಭಾವ ನಕ್ಕು ಗೇರು ಹಾಕಿದರು.

"ಮಾವ ನಮ್ಮನ್ನೇ ನೋಡಿದ್ರಲ್ಲಪ್ಪ, ಯಾಕೆ ಮಾತಾಡಿಸ್ಲಿಲ್ಲ?" ಎಂದಳು ಮಗಳು.

ಬಸ್ಸು ತಿರುವು ದಾಟುವವರೆಗೂ ಪಕ್ಕದ ಮನೆಯಾಕೆ ಕೈ ಬೀಸುತ್ತಲೇ ಇದ್ದಳು.