ಒಂದೇ ಸೈಕಲ್ಲಿನ ರ‍್ಯಾಕ್

ಹೊಸ ರ‍್ಯಾಕ್ ಕೊಳ್ಳಲೇಬೇಕೆಂದು ಆರ್ವೋ ಹಟ ಹಿಡಿದದ್ದು ಮೇ ತಿಂಗಳಲ್ಲಿ. ಉತ್ತರದ ಚಳಿನಾಡಿನ ಹೌಟನ್ ಪಟ್ಟಣದ ರಸ್ತೆಬದಿಗಳಲ್ಲಿ ಕೊಳೆಯಾದ ಹಿಮದ ಗುಡ್ಡೆಗಳು ಇನ್ನೂ ಕರಗಿರಲಿಲ್ಲ. ಅಲ್ಲಿಯತನಕ ಗಂಡಹೆಂಡಿರ ಸೈಕಲ್ಲುಗಳು ಎಸ್‌ಯುವಿಯ ನೆತ್ತಿಯ ಮೇಲೆ ಪ್ರಯಾಣ ಮಾಡುತ್ತಿದ್ದವು. ಆರ್ವೋ ಎತ್ತರದ, ಗಟ್ಟಿಮುಟ್ಟಾದ ಮನುಷ್ಯ, ಜಿಲ್ಲೆಯ ರಸ್ತೆಗಳ ಹಿಮ ಬಾಚುವ ಲಾರಿ ಓಡಿಸಿ ನಿವೃತ್ತನಾದವನು. ಸೈಕಲ್ಲುಗಳನ್ನು ಮಕ್ಕಳನ್ನೆತ್ತಿದಂತೆ ಎತ್ತಿ ಮೇಲಿಡುತ್ತಿದ್ದ. ಹೆಂಡತಿ ವರ್ನಾ ಪಟ್ಟಿ ಬಿಗಿಯುತ್ತಿದ್ದಳು. ಮದುವೆಯಾದಾಗಿನಿಂದ ಅದೇ ಪದ್ಧತಿ.

ಆ ಚಳಿಗಾಲದಲ್ಲಿ ಅವನ ಬಲಗೈಯಿಂದ ಕಾಫಿ ಲೋಟ ಜಾರತೊಡಗಿತ್ತು. ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದಾಯಿತು. ದೊಡ್ಡ ಆಸ್ಪತ್ರೆಯವರು ತಿರುತಿರುಗಿ ಪರೀಕ್ಷೆ ಮಾಡಿ, ಇದು ನರಗಳ ಕಾಯಿಲೆ, ಸ್ನಾಯುಗಳು ಒಂದೊಂದಾಗಿ ಸೋಲುತ್ತವೆ, ಕೊನೆಗೆ ಉಸಿರಾಟದವೂ ಸೋಲುತ್ತವೆ, ಮದ್ದಿಲ್ಲ ಎಂದರು. ಹಿಂದಿರುಗುವಾಗ ಆರ್ವೋ ಹಸಿವು ಎಂದು ಗಾಡಿ ನಿಲ್ಲಿಸಿ, ಮಾಂಸ ಆಲೂಗಡ್ಡೆ ತುಂಬಿದ ಪಾಸ್ಟಿ ಕೊಂಡು ಪೂರ್ತಿ ತಿಂದ. ಅಂದಿನಿಂದಲೂ ಏನೂ ಆಗಿಲ್ಲವೆಂಬಂತೆಯೇ ಇದ್ದ. ಸೌನಾದ ಬಿಸಿ ಉಗಿಕೋಣೆಯಲ್ಲಿ ಬೆವರುತ್ತ ಕೂತ ಗೆಳೆಯರ ಎದುರು ತನ್ನ ಕೈಯನ್ನೇ ಗೇಲಿ ಮಾಡಿಕೊಂಡು ನಗುತ್ತಿದ್ದ. ಅವನು ಒಮ್ಮೆ ಅತ್ತರೆ ತಾನೂ ಅಳಬಹುದು ಎಂದು ವರ್ನಾ ಕಾದಳು. ಅವನು ಅಳಲಿಲ್ಲ. ಅವಳಿಗೂ ಆಗಲಿಲ್ಲ.

ರ‍್ಯಾಕಿನ ಮಾತೆತ್ತಿದಾಗ ಅವಳಿಗೆ ಒಳಗೊಳಗೇ ಸಂತೋಷವಾಯಿತು. ಗಾಡಿಯ ಹಿಂದೆ, ಬಂಪರಿನ ಕೆಳಗಿನ ಹಿಚ್ಚೆಂಬ ಕಬ್ಬಿಣದ ಕೊಂಡಿಗೆ ಸಿಕ್ಕಿಸುವ ರ‍್ಯಾಕ್ ಆದರೆ ಮೊಣಕಾಲೆತ್ತರದಲ್ಲಿರುತ್ತದೆ. ಇಬ್ಬರ ಸೈಕಲ್ಲನ್ನೂ ತಾನೇ ಏರಿಸಬಹುದು, ಈ ಬೇಸಿಗೆಯೊಂದಾದರೂ ಕಾಪರ್ ಹಾರ್ಬರಿನ ಕಾಡುದಾರಿಗಳಿಗೆ ಜೊತೆಯಾಗಿ ಹೋಗಬಹುದು ಎಂದು ಲೆಕ್ಕ ಹಾಕಿದಳು.

ಸೇತುವೆಯ ಬಳಿ ಗಸ್ ಬೋಡ್ರಿಯ ಸೈಕಲ್ ಅಂಗಡಿ. ಗಸ್ ಅವರಿಗೆ ಹಳೆಯ ಪರಿಚಯದವನು. ಆರ್ವೋ ಗಾಡಿಯ ಹಿಚ್ಚಿನ ಅಳತೆಯನ್ನು ಮೊದಲೇ ತೆಗೆಸಿಕೊಂಡು ಬಂದಿದ್ದ. ಸೈಕಲ್ಲನ್ನು ನೇತುಹಾಕುವ ಬಗೆಯದು ಬೇಡ, ದಾರಿಯುದ್ದ ಓಲಾಡಿ ಚೌಕಟ್ಟು ಉಜ್ಜಿಹೋಗುತ್ತದೆ ಎಂದ. ಚಕ್ರಗಳನ್ನು ತಟ್ಟೆಯ ಮೇಲೆ ನಿಲ್ಲಿಸಿ, ಮುಂದಿನ ಚಕ್ರವನ್ನು ಒಂದು ಕೊಕ್ಕೆ ಒತ್ತಿ ಹಿಡಿಯುವಂಥದು ಬೇಕು. ಸೈಕಲ್ ಮೇಲಿದ್ದಾಗಲೂ ಹಿಂಬಾಗಿಲು ತೆರೆಯುವಷ್ಟು ಅದು ಹಿಂದಕ್ಕೆ ಬಾಗಬೇಕು. ಬಾಗಿಸುವ ಹಿಡಿಯನ್ನು ಕಾಲಲ್ಲಿ ಒತ್ತುವಂತಿದ್ದರೆ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯ, ರ‍್ಯಾಕಿನದೇ ತೂಕ ಕಡಿಮೆ ಇರಬೇಕು. ಗಸ್ ಒಂದನ್ನು ಗೋಡೆಯಿಂದ ಇಳಿಸಿ ತೋರಿಸಿದ.

"ಎರಡು ಸೈಕಲ್ಲಿಂದೇ ತಾನೆ?" ಎಂದು ಕೇಳಿದ.

"ಒಂದರದ್ದು," ಎಂದ ಆರ್ವೋ.

"ಎರಡರದ್ದು," ಎಂದಳು ವರ್ನಾ.

ಗಸ್ ಇಬ್ಬರ ಮುಖವನ್ನೂ ನೋಡಿದ. ಹಿಂದಿನ ಕೋಣೆಯಲ್ಲಿ ಏನೋ ಕೆಲಸವಿದೆ ಎಂದು ಹೇಳಿ ಒಳಗೆ ಹೋದ.

"ಮತ್ತೆ ನಿನ್ನ ಸೈಕಲ್ಲು? ಮನೇಲಿಟ್ಟು ಉಪ್ಪಿನಕಾಯಿ ಹಾಕ್ತೀಯಾ?" ಎಂದಳು ವರ್ನಾ.

"ಪಕ್ಕದ್ಮನೆ ಎಲ್ಮರ್ ಮಗಳಿಗೆ ಕೊಟ್ಬಿಟ್ಟೆ. ನಿನ್ನೆ ನೀನು ಚರ್ಚಿಗೆ ಹೋಗಿದ್ಯಲ್ಲ, ಆಗ ಬಂದು ತಗೊಂಡೋದ್ಲು."

"ನನ್ನನ್ನೊಂದು ಮಾತು ಕೇಳ್ದೆ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಒಂದೇ ಒಂದ್ಸಲ, ಆರ್ವೋ. ಸಮತಟ್ಟು ದಾರೀಲಾದ್ರೂ..."

"ಬ್ರೇಕ್ ಹಿಡಿಯೋಕೆ ಬೆರಳು ಬೇಕಲ್ಲ ಮಾರಾಯ್ತಿ." ಅವನ ದನಿ ಏರಲಿಲ್ಲ. "ಎರಡರದ್ದು ಭಾರ ಜಾಸ್ತಿ. ನಿನ್ನ ಭುಜ ಮೊದ್ಲೇ ಸರಿಯಿಲ್ಲ. ಹಾಕೋದು, ತೆಗೆಯೋದು ಎಲ್ಲ ನೀನೊಬ್ಳೇ ಮಾಡ್ಬೇಕು. ಅದಕ್ಕೇ ಹೇಳ್ತಿರೋದು."

ಒಬ್ಬಳೇ ಎಂಬ ಮಾತು ಅವರಿಬ್ಬರ ನಡುವೆ ಅದೇ ಮೊದಲ ಸಲ ಬಂದದ್ದು. ವರ್ನಾ ತಿರುಗಿ, ಶಿರಸ್ತ್ರಾಣಗಳ ಸಾಲನ್ನು ನೋಡುತ್ತ ನಿಂತಳು. ಗಸ್ ಮರಳಿದಾಗ ಆರ್ವೋ ಒಂದರದ್ದನ್ನೇ ಗಾಡಿಗೆ ಕೂರಿಸಲು ಹೇಳಿದ.

ಗಸ್ ಹತ್ತಿರ ಒಂದು ಸೈಕಲ್ ಕೇಳಿ ಪಡೆದು, ಅಂಗಡಿಯ ಮುಂದೆಯೇ ಅವನು ಅವಳಿಂದ ಅಭ್ಯಾಸ ಮಾಡಿಸಿದ. ಎರಡೂ ಕೈಗಳನ್ನು ಜಾಕೆಟ್ಟಿನ ಜೇಬಿನಲ್ಲಿಟ್ಟುಕೊಂಡು ಪಕ್ಕದಲ್ಲಿ ನಿಂತು ಹೇಳಿಕೊಟ್ಟ: ಭುಜಕ್ಕೆ ಭಾರ ಕೊಡಬೇಡ, ಮೊದಲು ಮುಂದಿನ ಚಕ್ರ ಇಡು, ಹಿಂದಿನದನ್ನು ತೊಡೆಯಿಂದ ತಳ್ಳು. ಅವಳ ಕೈ ತಪ್ಪಿ ಪೆಡಲು ಮೊಣಕಾಲ ಕೆಳಗೆ ಗೀರಿ ರಕ್ತ ಬಂತು. ಅವನ ಒಂದು ಕೈ ಜೇಬಿನಿಂದ ಅರ್ಧ ಹೊರಬಂದು, ಅಲ್ಲೇ ನಿಂತು, ಮತ್ತೆ ಒಳಗೆ ಹೋಯಿತು. "ಇನ್ನೊಂದ್ಸಲ," ಎಂದ. ಅವಳು ಇನ್ನೊಮ್ಮೆ ಎತ್ತಿದಳು. ಅಂದು ಅವನನ್ನು ಅವಳು ಮನಸಾರೆ ದ್ವೇಷಿಸಿದಳು. ಮನೆಗೆ ಬಂದು ಅವನಿಗೆ ಸೂಪು ಕುಡಿಸುವಾಗಲೂ ಆ ದ್ವೇಷ ಆರಿರಲಿಲ್ಲ.

ಬೇಸಿಗೆಯೆಲ್ಲ ರ‍್ಯಾಕ್ ಖಾಲಿ ಇತ್ತು. ಆಗಸ್ಟಿನ ಹೊತ್ತಿಗೆ ಆರ್ವೋ ಗಾಲಿಕುರ್ಚಿ ಸೇರಿದ, ಮಾತು ತೊದಲತೊಡಗಿತು. ವಾರಕ್ಕೊಂದು ದಿನ ನರ್ಸ್ ಬಂದು ಕೂರುತ್ತಿದ್ದಳು. ಆ ದಿನ ಹೊರಡು, ಸೈಕಲ್ ಹೊಡೆದು ಬಾ ಎಂದು ಅವನು ಬೆನ್ನು ಹತ್ತಿದ. ಮೇಪಲ್ ಎಲೆಗಳು ಕೆಂಪಾಗುವ ಕಾಲಕ್ಕೆ, ಕಾಟ ತಾಳಲಾರದೆ ಅವಳು ಹೊರಟಳು.

ಕಾಡುದಾರಿ ಶುರುವಾಗುವಲ್ಲಿ ಗಾಡಿ ನಿಲ್ಲಿಸಿದಳು. ಆದರೆ ಇಳಿಯಲಾಗಲಿಲ್ಲ. ಬೇರೆಯವರು ಜೋಡಿಜೋಡಿಯಾಗಿ ಸೈಕಲ್ ಇಳಿಸಿಕೊಂಡು ಹೋಗುವುದನ್ನು ಒಳಗೆ ಕೂತೇ ನೋಡಿ, ಕಟ್ಟಿಕೊಂಡು ಹೋಗಿದ್ದ ಬ್ರೆಡ್ಡು ತಿಂದು ಮರಳಿದಳು. ಆರ್ವೋ ವರಾಂಡದಲ್ಲಿ ಕಾಯುತ್ತಿದ್ದ. ಇಳಿಜಾರು ಹೇಗಿತ್ತು ಎಂದು ಕೇಳಿದ. ಚೆನ್ನಾಗಿತ್ತು ಎಂದಳು. ಅವನು ಗಾಡಿಯ ಹಿಂಭಾಗವನ್ನೇ ಬಹಳ ಹೊತ್ತು ನೋಡಿದ.

"ಚಕ್ರಕ್ಕೆ ಒಂದ್ಚೂರೂ ಕೆಸರಿಲ್ಲ ಕಣೆ," ಎಂದ, ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿಕೊಂಡು.

ಮುಂದಿನ ವಾರ ಅವಳು ನಿಜವಾಗಿಯೂ ಹೋದಳು. ಹಿಂದಿನ ದಿನ ಮಳೆ ಬಂದಿತ್ತು. ಏರು ಹತ್ತುವಾಗ ಎದೆ ಹೊಡೆದುಕೊಂಡಿತು, ಒದ್ದೆ ಬೇರುಗಳ ಮೇಲೆ ಚಕ್ರ ಜಾರಿತು. ತುದಿಯಿಂದ ಸುಪೀರಿಯರ್ ಸರೋವರ ಕಂಡಿತು. ಅಲ್ಲಿಂದ ಕೆಳಕ್ಕೆ ದಾರಿ ಬಳುಕಿ ಬಳುಕಿ ಇಳಿಯುವಾಗ ಅವಳ ಬಾಯಿಂದ ಕೇಕೆಯೊಂದು ಹೊರಟುಬಿಟ್ಟಿತು. ತನ್ನ ನಗೆ ಕೇಳಿ ತಾನೇ ಬೆಚ್ಚಿ, ಬ್ರೇಕ್ ಹಿಡಿದು, ಮರಕ್ಕೊರಗಿ ನಿಂತಳು. ಅವನಿಲ್ಲದೆಯೂ ಇದು ಇಷ್ಟು ಚೆನ್ನಾಗಿರಬಹುದೆಂದು ಅವಳು ಎಣಿಸಿರಲಿಲ್ಲ.

ಮನೆಗೆ ಬಂದಾಗ ಬೆನ್ನತನಕ ಕೆಸರು. ನರ್ಸ್ ಹೋದ ಮೇಲೆ ಅವನ ಮಂಚದ ಅಂಚಿಗೆ ಕೂತು, ದಾರಿಯನ್ನು ಮೊದಲಿನಿಂದ ತುದಿಯತನಕ ಹೇಳಿದಳು. ಕೇಕೆ ಹಾಕಿದ್ದನ್ನೂ ಮುಚ್ಚಿಡಲಿಲ್ಲ. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. ಹೇಳಿ ಮುಗಿದಾಗ ಅವನ ಕಣ್ಣಂಚಿನಿಂದ ನೀರಿಳಿದು ಕಿವಿಯೊಳಕ್ಕೆ ಹೋಗುತ್ತಿತ್ತು. ಒರೆಸಿಕೊಳ್ಳಲು ಅವನ ಕೈ ಏಳುತ್ತಿರಲಿಲ್ಲ.

"ನಂಗೂ ಬರ್ಬೇಕು ಅಂತಿತ್ತು," ಎಂದ. ಅವಳಿಗೆ ಅರ್ಥವಾಗಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದ. "ವರ್ನಾ, ನಂಗೂ ಬರ್ಬೇಕು ಅಂತಿತ್ತು ಕಣೆ."

ಅವಳು ಕೆಸರು ಬಟ್ಟೆಯಲ್ಲೇ ಹಾಸಿಗೆ ಹತ್ತಿ, ಅವನ ಪಕ್ಕಕ್ಕೆ ಮಲಗಿ, ಅವನ ಕಿವಿಯನ್ನು ತನ್ನ ತೋಳಿನಿಂದ ಒರೆಸಿದಳು. ಇಬ್ಬರೂ ಅತ್ತರು. ಒಲೆಯ ಮೇಲಿಟ್ಟ ಸೂಪು ತಳ ಹಿಡಿದ ವಾಸನೆ ಬಂತು, ಯಾರೂ ಏಳಲಿಲ್ಲ.