ಬಲಗಾಲಿನ ಅಳತೆ

೧೯೫೬ನೆಯ ಇಸವಿ, ಫೆಬ್ರವರಿ ೧೨, ಭಾನುವಾರ, ಬೆಳಗಿನ ಆರು ಗಂಟೆ ನಲವತ್ತು ನಿಮಿಷ. ಜೋಗೇಶ್ವರಿಯ ಚಾಳಿನ ಖೋಲಿಯಲ್ಲಿ ಶೆಟ್ಟೆಪ್ಪ ಸತ್ತ ತಮ್ಮನ ಬಲಗಾಲನ್ನು ಎರಡೂ ಕೈಯಿಂದ ಹಿಡಿದು ಮಡಚಲು ನೋಡುತ್ತಿದ್ದ. ಎದೆನೋವು ಬಂದು ನೀಲಕಂಠಪ್ಪ ಪ್ರಾಣ ಬಿಟ್ಟು ಒಂದೂವರೆ ತಾಸಾಗಿತ್ತು. ಲಿಂಗಾಯತರಾದ ಅವರಲ್ಲಿ ಮಣ್ಣು ಮಾಡುವುದು ಕುಳಿತ ಭಂಗಿಯಲ್ಲಿ. ಮೈ ಸೆಟೆಯುವ ಮೊದಲೇ ಕಾಲು ಮಡಚಿ ಕೂರಿಸಬೇಕು.

"ಇದು ಬಗ್ಗಾಂಗಿಲ್ರಿ ಅಯ್ಯನವರ, ಮಷೀನ್ ಬಿದ್ದ ಕಾಲು. ಜೋರ್ ಹಾಕಿ ಒತ್ತಬೇಕು. ಕೀಲು ಲಟಕ್ ಅಂದ್ರ ಅನ್ಲಿ, ಅವಂಗೀಗ ನೋವೆಲ್ಲೀದು?"

ವಿಭೂತಿ ಹಿಡಿದು ನಿಂತಿದ್ದ ಅಯ್ಯನವರು ಆಗಲಿ ಎಂಬಂತೆ ತಲೆಯಾಡಿಸಿದರು. ಮೂಲೆಯಲ್ಲಿದ್ದ ಮಲ್ಲವ್ವ ಎದ್ದು ಬಂದಳು.

"ಭಾವಾರ, ಕೈ ತಗೀರಿ. ನನ್ನ ಗಂಡನ ಕಾಲು ಮುರೀಬ್ಯಾಡ್ರಿ."

* * *

ಐದು ವರ್ಷದ ಹಿಂದೆ, ಕಾರಖಾನೆಯಲ್ಲಿ ಮೊಣಕಾಲು ಮುರಿದುಕೊಂಡು ಮನೆ ಸೇರಿದ ಫಿಟ್ಟರ್ ನೀಲಕಂಠಪ್ಪ, ಆರು ತಿಂಗಳು ಊಟದ ತಾಟು ಗೋಡೆಗೆ ಎಸೆದ. ಆಮೇಲೆ, ಶಾಲೆಯ ಮೈದಾನದಲ್ಲಿ ಆಸನ ಕಲಿಸುತ್ತಿದ್ದ ಮರಾಠಿ ಮಾಸ್ತರರು ಕಾಲಿಗೆ ಅವಸರ ಮಾಡಬೇಡ, ಉಸಿರು ಎಣಿಸು ಎಂದರು. ದಿನಾ ಮುಂಜಾನೆ ಚಾಪೆ ಹಾಸಿದ. ಮೊದಲು ಎಡಗಾಲು. ಬಲ ಮೊಣಕಾಲಿನ ಕೆಳಗೆ ಮಡಚಿದ ಟಾವೆಲ್. ನಲವತ್ತು ಉಸಿರು. ಆಮೇಲೆ ಬಲಪಾದ ಎಡತೊಡೆಯ ಮೇಲೆ. ಟಾವೆಲ್ ಎಳೆದ ಮೇಲೆ, ಮೊಣಕಾಲಿಗೂ ನೆಲಕ್ಕೂ ನಡುವೆ ಉಳಿದ ಸಂದನ್ನು ಮಲ್ಲವ್ವ ಅವನ ಉಕ್ಕಿನ ಪಟ್ಟಿಯಿಂದ ಅಳೆಯಬೇಕು. ಅಷ್ಟೇ ಎತ್ತರಕ್ಕೆ ಅವನು ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದ. ಮೊದಲ ಗೆರೆ ಏಳೂವರೆ ಇಂಚು.

"ಬದುಕಿದ್ದಾಗನ ಸತ್ತವರಂಗ ಕುಂದರತೀರಲ್ಲ, ಮಂದಿ ಏನಂದಾರು?"

"ಸತ್ತಾಗ ಕುಂದರಸಾಂವ ನಮ್ಮಣ್ಣ. ಅವನ ಕೈ ಭಾಳ ಒರಟು. ಅದಕ್ಕ ಈಗಿಂದನ ಕಲ್ಯಾಕತ್ತೀನಿ!"

ಎರಡನೆಯ ವರ್ಷ ಊರುಗೋಲು ಮೂಲೆ ಸೇರಿತು. ತಾಟು ಹಾರುವುದು ಯಾವ ದಿನ ನಿಂತಿತೆಂದು ಮಲ್ಲವ್ವನಿಗೆ ನೆನಪಿಲ್ಲ. ಅದಕ್ಕೆ ಯಾರೂ ಗೆರೆ ಎಳೆದಿರಲಿಲ್ಲ.

* * *

"ನೀವು ಬಲಗಾಲು ಮೊದಲ ಹಿಡದ್ರಿ, ಅದಕ್ಕ ಅದು ಒಲ್ಲೆ ಅಂತು," ಎಂದಳು ಮಲ್ಲವ್ವ. "ಬೆನ್ನಿಗೆ ಆಸರ ಕೊಡ್ರಿ, ಸಾಕು."

ಎಡಗಾಲು ಮಡಚಿದಳು. ಟಾವೆಲ್ ಇಟ್ಟಳು. ಬಲ ಮೊಣಕಾಲಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದಳು. ಎಣಿಸಲು ಅವನ ಉಸಿರಿರಲಿಲ್ಲ; ತನ್ನದನ್ನೇ ಎಣಿಸಿದಳು.

"ಹೊತ್ತಾಗ್ತೈತಿ, ಮಲ್ಲವ್ವ. ಮೈ ಸೆಟೀತೈತಿ," ಎಂದ ಶೆಟ್ಟೆಪ್ಪ.

ಅವಳು ಎಣಿಸುತ್ತಲೇ ಇದ್ದಳು. ನಲವತ್ತಕ್ಕೆ ಪಾದವನ್ನು ಮೆಲ್ಲಗೆ ಎತ್ತಿದಳು. ಸದ್ದಿಲ್ಲದೆ ಅದು ಎಡತೊಡೆಯ ಮೇಲೆ ಬಂದು ಕುಳಿತಿತು. ಟಾವೆಲ್ ಎಳೆದಳು.

ಶೆಟ್ಟೆಪ್ಪ ಬಗ್ಗಿ ನೋಡಿದ. "ಇನ್ನೊಂಚೂರು ಐತಿ. ಹಗೂರಕ ಒತ್ತಿದ್ರ ನೆಲ ಮುಟ್ಟತೈತಿ."

"ಬ್ಯಾಡ್ರಿ. ಅದು ಅವರ ಅಳತಿ."

ಮೊಳೆಗೆ ತೂಗುಹಾಕಿದ್ದ ಪಟ್ಟಿಯನ್ನು ತೆಗೆದು ಮೊಣಕಾಲಿನ ಪಕ್ಕ ನಿಲ್ಲಿಸಿದಳು. ಆಮೇಲೆ ಗೋಡೆಯ ಮೇಲಿನ ಎಲ್ಲಕ್ಕಿಂತ ಕೆಳಗಿನ, ನಿನ್ನೆ ಮುಂಜಾನೆಯ ಗೆರೆಗೆ ಹಿಡಿದಳು. ಎರಡೂ ಕಡೆ ಅರ್ಧ ಇಂಚು.